ಅಯ್ನೋರು ಕೊಟ್ಟ ಟಿಕೆಟ್

ಸೀಗೆಕಟ್ಟೆ ಹಾಲ್ಟನ್ನು ಸ್ಟೇಷನ್ ಅಂದುಕೊಂಡು ಬರುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಪ್ಲಾಟ್‌ಫಾರಂ ಇರಲಿಲ್ಲ, ಸಿಗ್ನಲ್ ಇರಲಿಲ್ಲ, ಕುಡಿಯುವ ನೀರಿನ ಮಾತಂತೂ ಎತ್ತಲೇಬೇಡಿ. ಗುಬ್ಬಿ ದಾಟಿ ನಿಟ್ಟೂರಿನ ಕಡೆಗೆ ಹೋಗುವಾಗ ಹಳಿಯ ಪಕ್ಕದಲ್ಲಿ ಒಂದು ಹೊಂಗೆಮರ, ಅದರ ಕೆಳಗೊಂದು ಕಲ್ಲುಬೆಂಚು, ಹೆಂಚು ಹೊದಿಸಿದ ಗೂಡಿನಂಥ ಒಂದು ಕೋಣೆ, ಊರಿನ ಹೆಸರು ಬರೆದ ಹಲಗೆ. ಮುಗಿಯಿತು. ಗಾಡಿ ತಾನಾಗಿ ನಿಲ್ಲುತ್ತಲೂ ಇರಲಿಲ್ಲ. ಹತ್ತುವವರಿದ್ದರೆ ಏಜೆಂಟ್ ಕೆಂಪು ಬಾವುಟ ತೋರಿಸಬೇಕು, ಇಳಿಯುವವರಿದ್ದರೆ ಹಿಂದಿನ ಸ್ಟೇಷನ್ನಿನಲ್ಲೇ ಗಾರ್ಡಿಗೆ ಹೇಳಿರಬೇಕು. ಎರಡೂ ಇಲ್ಲವೆಂದರೆ ಹಸಿರು ಬಾವುಟ. ಡ್ರೈವರ್ ಒಂದು ಸಲ ಸಿಳ್ಳೆ ಕೂಗಿಸಿ ಹೊರಟೇಹೋಗುತ್ತಿದ್ದ.

ಆ ಎರಡು ಬಾವುಟಗಳನ್ನೂ ಹಿಡಿಯುತ್ತಿದ್ದವರು ಗುರುಸಿದ್ದಯ್ಯ. ಜಂಗಮರ ಮನೆಯವರು. ಮದುವೆಗೆ ದಿನ ನೋಡುವುದು, ಹುಟ್ಟಿದ ಮಗುವಿಗೆ ಲಿಂಗ ಕಟ್ಟುವುದು, ಸತ್ತವರ ಮನೆಯಲ್ಲಿ ಮುಂದೆ ನಿಲ್ಲುವುದು, ಎಲ್ಲಕ್ಕೂ ಅವರೇ ಬೇಕು. ಊರಿಗೆಲ್ಲ ಅವರು ಅಯ್ನೋರು. ರೈಲ್ವೆಯ ನೌಕರರೇನೂ ಅಲ್ಲ, ಗುಬ್ಬಿ ಸ್ಟೇಷನ್ನಿನಿಂದ ರಟ್ಟಿನ ಟಿಕೆಟ್ಟು ತಂದು ಮಾರುವ ಏಜೆಂಟರು, ಅಷ್ಟೇ. ಆದರೆ ಯಾರೂ ಹೇಳದಿದ್ದರೂ ಒಂದು ಕರಿಕೋಟು ಹೊಲಿಸಿಕೊಂಡಿದ್ದರು. ಸೆಖೆಗಾಲದಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ.

ಹನ್ನೊಂದು ವರ್ಷ ಟಿಕೆಟ್ಟು ಮಾರಿದ ಈ ಮನುಷ್ಯ ಒಬ್ಬರನ್ನಾದರೂ 'ಎಲ್ಲಿಗೆ' ಎಂದು ಕೇಳಿದವರಲ್ಲ. ಹೊರಟವರನ್ನು ಹಾಗೆ ಕೇಳಬಾರದು ಎನ್ನುವುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಟ್ಟಂತೆಯೇ. ಬೇಕಾದರೆ 'ದೂರ ಹೊಂಟ್ರಾ' ಅನ್ನಬಹುದು. ಯಾರಾದರೂ ತಿಳಿಗೇಡಿ ಬಾಯಿತಪ್ಪಿ ಕೇಳಿಬಿಟ್ಟರೆ, ಹೊರಟವರು ಅವನಿಗೆ ಹಿಡಿಶಾಪ ಹಾಕಿ, ಮನೆಗೆ ವಾಪಸು ಹೋಗಿ, ಒಂದು ಲೋಟ ನೀರು ಕುಡಿದು, ಹತ್ತು ನಿಮಿಷ ಕೂತು ಮತ್ತೆ ಹೊರಡುತ್ತಿದ್ದರು. ಅಷ್ಟರಲ್ಲಿ ಗಾಡಿ ಯಾರಿಗಾಗಿ ಕಾಯುತ್ತದೆ? ಜಂಗಮರಾಗಿ ಹುಟ್ಟಿ, ದಿನಕ್ಕೆ ಹತ್ತು ಜನರ ದಾರಿಗೆ ಅಡ್ಡ ಮಾತಾಡುವ ಪಾಪ ತನಗೆ ಬೇಡವೆಂದು ಗುರುಸಿದ್ದಯ್ಯ ಮೊದಲ ದಿನವೇ ತೀರ್ಮಾನಿಸಿದ್ದರು.

ಕೇಳುವ ಅಗತ್ಯವೂ ಬೀಳುತ್ತಿರಲಿಲ್ಲ. ಮಾತಾಡುವವರು ತಾವೇ ಊರಿನ ಹೆಸರು ಹೇಳುತ್ತಿದ್ದರು. ಸುಮ್ಮನೆ ದುಡ್ಡು ಚಾಚಿದವರನ್ನು ನೋಡಿಯೇ ಅವರು ಟಿಕೆಟ್ಟು ತೆಗೆಯುತ್ತಿದ್ದರು. ಸಂತೆಚೀಲ ಇದ್ದರೆ ಗುಬ್ಬಿ. ಕಂಕುಳಲ್ಲಿ ಕೋರ್ಟು ಕಾಗದ ಇದ್ದರೆ ತುಮಕೂರು. ಹೊಸ ಟ್ರಂಕು ಹೊತ್ತ ಅಪ್ಪ, ಅವನ ಹಿಂದೆ ಅಳುಮೋರೆಯ ಹುಡುಗ ಬಂದರೆ ಮಠದ ಹಾಸ್ಟೆಲು, ಅಂದರೆ ಕ್ಯಾತ್ಸಂದ್ರ. ಒಮ್ಮೆ ಮಾತ್ರ ಎಡವಟ್ಟಾಗಿತ್ತು. ಜಮೀನಿನ ವ್ಯಾಜ್ಯಕ್ಕೆ ತುಮಕೂರಿಗೆ ಹೊರಟಿದ್ದ ಚೌಡಪ್ಪನಿಗೆ ಗುಬ್ಬಿ ಟಿಕೆಟ್ಟು ಕೊಟ್ಟಿದ್ದರು. ಅವನು ನೋಡಿಕೊಳ್ಳದೆ ಹತ್ತಿದ್ದ. ಗುಬ್ಬಿಯಲ್ಲಿ ಟಿಕೆಟ್ಟು ಬದಲಾಯಿಸಲು ಇಳಿದವನಿಗೆ ಹೋಟೆಲಿನಲ್ಲಿ ಎದುರು ಪಾರ್ಟಿಯೇ ಸಿಕ್ಕಿ, ಕಾಫಿ ಕುಡಿಯುತ್ತ ಮಾತಿಗೆ ಮಾತು ಬೆಳೆದು, ಏಳು ವರ್ಷದ ವ್ಯಾಜ್ಯ ಅಲ್ಲೇ ರಾಜಿಯಾಗಿಹೋಯಿತು. ಚೌಡಪ್ಪ ಊರಿಗೆ ಬಂದವನೇ ಅಯ್ನೋರ ಕಾಲಿಗೆ ಬಿದ್ದ.

ಅಲ್ಲಿಂದ ಶುರುವಾಯಿತು ನೋಡಿ. ಅಯ್ನೋರ ಕೈಯಿಂದ ಬಂದ ಟಿಕೆಟ್ಟು ಸುಳ್ಳಾಗುವುದಿಲ್ಲ ಎಂಬ ಮಾತು ಸುತ್ತಲಿನ ನಾಲ್ಕು ಹಳ್ಳಿಗೆ ಹಬ್ಬಿತು. ಎರಡು ಕಡೆ ಹೆಣ್ಣು ನೋಡಿ ಬಂದು ಯಾವುದು ಎಂದು ತೋಚದವರು, ನಾಟಿ ವೈದ್ಯನೋ ಆಸ್ಪತ್ರೆಯೋ ಎಂದು ಗೊತ್ತಾಗದವರು, ಬಾಯಿ ಬಿಡದೆ ದುಡ್ಡು ಚಾಚಿ ನಿಲ್ಲತೊಡಗಿದರು. ಅಯ್ನೋರು ಯಾವ ಕಡೆಯ ಟಿಕೆಟ್ಟು ಕೊಟ್ಟರೆ ಆ ಕಡೆ. ಗುರುಸಿದ್ದಯ್ಯನವರಿಗೆ ಇದು ಗೊತ್ತಿರಲಿಲ್ಲವೇ ಅಂದರೆ, ಚೆನ್ನಾಗಿಯೇ ಗೊತ್ತಿತ್ತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕಲ್ಲಮ್ಮನ ಮಗಳು ಉಮಾಮಹೇಶ್ವರಿಯ ವಿಷಯ ಬಂದಾಗ ಮಾತ್ರ ಈ ಹೊಗಳಿಕೆ ಊರಿಗೆ ದುಬಾರಿಯಾಯಿತು.

ಕಲ್ಲಮ್ಮ ಗಂಡ ಸತ್ತ ಹೆಂಗಸು, ಒಂದೂವರೆ ಎಕರೆ ಹೊಲದಲ್ಲಿ ದುಡಿದು ಒಬ್ಬಳೇ ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದಳು. ಹುಡುಗಿಯನ್ನು ತಿಪಟೂರಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಕೊಬ್ಬರಿ ವ್ಯಾಪಾರ, ಹೇಳಿಕೊಳ್ಳುವುದಕ್ಕೆ ಎಲ್ಲ ಇತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಉಮಾ ಬೆನ್ನ ಮೇಲೆ ಬಾಸುಂಡೆ ಹೊತ್ತುಕೊಂಡು ತವರಿಗೆ ಬಂದಳು. ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ತುಮಕೂರಿಗೆ ಹೋಗಿ, ಅಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಿ ಊಟ ವಸತಿ ಕೊಡುವ ಒಂದು ಕೇಂದ್ರದಲ್ಲಿ ವಿಚಾರಿಸಿಕೊಂಡು ಬಂದಳು. ಅಲ್ಲಿನ ಮೇಲ್ವಿಚಾರಕಿ ಕಮಲಾಕ್ಷಮ್ಮ, ಸೋಮವಾರ ಮೊದಲ ಗಾಡಿಗೆ ಬಂದುಬಿಡು, ಜಾಗ ಇಟ್ಟಿರುತ್ತೇನೆ ಎಂದು ಕಾಗದ ಬರೆದರು. ಈ ಕಾಗದದ ಸಂಗತಿ ಕಲ್ಲಮ್ಮನಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿಯದು. ಗುರುಸಿದ್ದಯ್ಯನವರಿಗೆ ತಿಳಿದದ್ದೂ ಆಮೇಲೆಯೇ.

ಅವರಿಗೆ ಗೊತ್ತಿದ್ದದ್ದು ಇನ್ನೊಂದು. ಶನಿವಾರ ತಿಪಟೂರಿನಿಂದ ಹುಡುಗನ ಕಡೆಯ ಇಬ್ಬರು ಹಿರಿಯರು ಬಂದಿದ್ದರು. ಆಗಿದ್ದು ಆಗಿಹೋಯಿತು, ಇನ್ನು ಮೇಲೆ ಕೈ ಎತ್ತುವುದಿಲ್ಲ, ಹುಡುಗಿಯನ್ನು ಕಳಿಸಿ ಎಂದು ಪಂಚಾಯ್ತಿ ಕಟ್ಟೆಯ ಮೇಲೆ ಮಾತಾಯಿತು. ಕಲ್ಲಮ್ಮ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ದಿನ ಕೇಳಿದಾಗ ಗುರುಸಿದ್ದಯ್ಯ ಪಂಚಾಂಗ ತಿರುವಿ, ಸೋಮವಾರ ಚೆನ್ನಾಗಿದೆ ಅಂದರು.

ಸೋಮವಾರ ಬೆಳಿಗ್ಗೆ ಉಮಾ ಒಬ್ಬಳೇ ಬಂದಳು. ಕೈಯಲ್ಲಿ ಒಂದು ಬಟ್ಟೆಗಂಟು, ಹಣೆಗೆ ವಿಭೂತಿ, ತಲೆತುಂಬ ಕನಕಾಂಬರ. ಬೆಳಿಗ್ಗೆ ಎರಡು ಗಾಡಿ. ಮೊದಲು ನಿಟ್ಟೂರಿನ ಕಡೆಯಿಂದ ತುಮಕೂರಿಗೆ ಹೋಗುವುದು. ಅದು ಗುಬ್ಬಿ ಮುಟ್ಟಿದ ಮೇಲೆ ಅಲ್ಲಿ ಕಾದಿದ್ದ ಎದುರಿನ ಗಾಡಿ ಹೊರಟು, ಅರ್ಧ ಗಂಟೆಯಲ್ಲಿ ಸೀಗೆಕಟ್ಟೆಗೆ ಬಂದು ತಿಪಟೂರಿನ ಕಡೆ ಹೋಗುತ್ತಿತ್ತು. ಮೊದಲ ಗಾಡಿಗೆ ಇನ್ನೂ ಹದಿನೈದು ನಿಮಿಷವಿತ್ತು. ಉಮಾ ಐದು ರೂಪಾಯಿ ನೋಟು ಚಾಚಿ ಸುಮ್ಮನೆ ನಿಂತಳು.

ಗುರುಸಿದ್ದಯ್ಯನವರಿಗೆ ನಿಜವಾಗಿಯೂ ಸಂತೋಷವಾಯಿತು. ಅಂತೂ ಹುಡುಗಿಯ ಸಂಸಾರ ಒಂದು ದಡ ಸೇರಿತಲ್ಲ ಅಂದುಕೊಂಡರು. ತಿಪಟೂರಿನ ಟಿಕೆಟ್ಟು ತೆಗೆದು, ತಾರೀಖು ಒತ್ತಿ, ಚಿಲ್ಲರೆ ಸಮೇತ ಅವಳ ಕೈಗಿಟ್ಟರು.

ಉಮಾ ಟಿಕೆಟ್ಟನ್ನು ಒಂದು ಸಲ ಓದಿದಳು. ಹಿಂದೆಮುಂದೆ ತಿರುಗಿಸಿ ಮತ್ತೆ ಓದಿದಳು.

"ಇದೇನಾ ಅಯ್ನೋರೆ?"

"ಹ್ಞೂ ಕಣವ್ವ, ಅದೇ. ಒಳ್ಳೇದಾಗ್ಲಿ, ನಡಿ."

ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಮೊದಲ ಗಾಡಿಗೆ ಹತ್ತುವವರು ಬೇರೆ ಯಾರೂ ಬರಲಿಲ್ಲ. ಗಾಡಿಯ ಹೊಗೆ ಕಾಣಿಸಿದಾಗ ಗುರುಸಿದ್ದಯ್ಯ ಹೊರಗೆ ಬಂದು ಹಸಿರು ಬಾವುಟ ಹಿಡಿದರು. ಉಮಾ ಎದ್ದು ನಿಂತಳು. ಎರಡು ಹೆಜ್ಜೆ ಹಳಿಯ ಕಡೆಗೂ ಹೋದಳು. ಹುಷಾರು ಕಣವ್ವ, ಹಿಂದಕ್ಕೆ ಬಾ, ಎಂದು ಇವರೇ ಕೈ ಬೀಸಿದರು. ಡಬ್ಬಿಗಳು ಒಂದೊಂದಾಗಿ ದಾಟಿ ಕೊನೆಗೆ ಗಾರ್ಡಿನ ಡಬ್ಬಿಯೂ ಹೋಯಿತು. ಉಮಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಇಂಜಿನ್ನಿನ ಕಿಡಿ ಕಣ್ಣಿಗೆ ಬಿದ್ದಿರಬೇಕು ಅಂದುಕೊಂಡರು ಇವರು. ಅರ್ಧ ಗಂಟೆಯ ಮೇಲೆ ಇನ್ನೊಂದು ಗಾಡಿ ಬಂತು. ಕೆಂಪು ಬಾವುಟ ತೋರಿಸಿ ನಿಲ್ಲಿಸಿ, ತಾವೇ ಗಂಟು ಎತ್ತಿಕೊಟ್ಟು ಅವಳನ್ನು ಹತ್ತಿಸಿದರು.

ಹನ್ನೊಂದು ದಿನ ಕಳೆದ ಮೇಲೆ ಒಂದು ಶುಕ್ರವಾರ, ದಪ್ಪ ಕನ್ನಡಕದ ಒಬ್ಬ ಹೆಂಗಸು ಹಾಲ್ಟಿನಲ್ಲಿ ಇಳಿದರು. ಕೈಯಲ್ಲಿ ಕೊಡೆ, ಮುಖದಲ್ಲಿ ಸಿಟ್ಟು. ನೇರವಾಗಿ ಗೂಡಿನ ಕಿಟಕಿಗೇ ಬಂದರು.

"ಉಮಾಮಹೇಶ್ವರಿ ಅನ್ನೋ ಹುಡುಗಿ ಮನೆ ಯಾವುದು ಸ್ವಾಮಿ? ನಾನು ಕಮಲಾಕ್ಷಮ್ಮ ಅಂತ, ತುಮಕೂರಿಂದ ಬಂದಿದೀನಿ. ಸೋಮವಾರ ಬರ್ತೀನಿ ಅಂತ ಬರೆದಿದ್ಲು. ನಾನೇ ಸ್ಟೇಷನ್ನಿಗೆ ಹೋಗಿ ನಿಂತಿದ್ದೆ. ಗಾಡಿ ಬಂತು, ಅವಳು ಬರಲಿಲ್ಲ. ಹತ್ತು ಜನ ಜಾಗಕ್ಕೆ ಕಾದಿದಾರೆ. ಬರಲ್ಲ ಅಂದ್ರೆ ಒಂದು ಕಾರ್ಡ್ ಹಾಕಬಾರದಾ?"

ಗುರುಸಿದ್ದಯ್ಯ ಕಿಟಕಿಯಿಂದ ಮುಂದಕ್ಕೆ ಬಗ್ಗಿದರು. ಯಾವ ಸೋಮವಾರ ಎಂದು ಕೇಳಿದರು. ಯಾವ ಗಾಡಿ ಎಂದು ಕೇಳಿದರು. ಉತ್ತರ ಬಂದ ಮೇಲೂ ಮತ್ತೊಮ್ಮೆ ಕೇಳಿದರು. ಹಳಿಯ ಕಡೆಗೆ ಅವಳು ಇಟ್ಟ ಎರಡು ಹೆಜ್ಜೆ ಈಗ ನೆನಪಾಯಿತು.

"ಅವಳು ಗಂಡನ ಮನೆಗೆ ಹೋದ್ಲು ತಾಯಿ," ಅಂದರು. "ನಾನೇ ಟಿಕೆಟ್ ಕೊಟ್ಟೆ."

ಕಮಲಾಕ್ಷಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಸಿಟ್ಟೆಲ್ಲ ಇಳಿದುಹೋಗಿತ್ತು. "ಆ ಮನೆಗಾ? ಆ ಹುಡುಗಿ ನನ್ನ ಹತ್ತಿರ ಬೆನ್ನು ತೋರಿಸಿದಾಳೆ ಸ್ವಾಮಿ. ತಿಂಗಳ ಕೊನೇವರೆಗೆ ಜಾಗ ಇಟ್ಟಿರ್ತೀನಿ. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ," ಅಂದರು. ಕಲ್ಲಮ್ಮನ ಮನೆಗೂ ಹೋಗಲಿಲ್ಲ, ವಾಪಸು ಹೋಗುವ ಗಾಡಿಗೇ ಹೊರಟರು.

ಎರಡು ದಿನ ಗುರುಸಿದ್ದಯ್ಯನವರಿಗೆ ಇದೇ ಯೋಚನೆ. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಬಾವುಟ ಎರಡನ್ನೂ ಗ್ಯಾಂಗ್‌ಮನ್ ತಿಪ್ಪಯ್ಯನ ಕೈಗೆ ಕೊಟ್ಟು ತಿಪಟೂರಿನ ಗಾಡಿ ಹತ್ತಿದರು. ಹುಡುಗಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡರು. ನನ್ನದು ತಪ್ಪಾಯಿತು ತಾಯಿ, ಆ ಟಿಕೆಟ್ಟು ದೇವರದ್ದೂ ಅಲ್ಲ ದಿಂಡಿರದ್ದೂ ಅಲ್ಲ, ನನ್ನ ಅವಿವೇಕದ್ದು, ನಡಿ ನನ್ನ ಜೊತೆ. ಇಷ್ಟೇ ಮಾತು. ಹೇಳಲಿಕ್ಕೆ ಅರ್ಧ ನಿಮಿಷ ಬೇಡ.

ಜಂಗಮರು ಮನೆಗೆ ಬಂದರೆ ಬಾಗಿಲಲ್ಲಿ ನಿಲ್ಲಿಸುವುದುಂಟೇ? ಉಮಾಳ ಅತ್ತೆ ಬಾಯ್ತುಂಬ ಕರೆದು ಮಣೆ ಹಾಕಿದಳು. ಗಂಡಸರೆಲ್ಲ ಕೊಬ್ಬರಿ ಮಂಡಿಗೆ ಹೋಗಿದ್ದರು. ಪಾದಕ್ಕೆ ನೀರು ತಾರೆ ಎಂದು ಸೊಸೆಯನ್ನು ಕೂಗಿ, ಕಾಫಿಗಿಡಲು ತಾನು ಒಳಗೆ ಹೋದಳು. ಉಮಾ ತಂಬಿಗೆ ಹಿಡಿದು ಬಂದಳು. ಸೊರಗಿದ್ದಳು. ನೀರು ಬಗ್ಗಿಸುವಾಗ ಸೆರಗು ಸರಿದು ಬಲಗೈ ಕಾಣಿಸಿತು. ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟ ಗಾಯ, ಮೇಲೆ ಅರಿಶಿನ ಬಳಿದಿತ್ತು.

"ಏನವ್ವ ಇದು?" ಎಂದು ಪಿಸುಗುಟ್ಟಿದರು ಗುರುಸಿದ್ದಯ್ಯ.

ಅವಳು ಸೆರಗು ಎಳೆದುಕೊಂಡಳು. ಅಡಿಗೆಮನೆಯ ಕಡೆಗೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

"ಅವತ್ತು ನಾನ್ ತುಮಕೂರಿಗೆ ಹೋಗ್ಬೇಕು ಅಂತಿದ್ದೆ ಅಯ್ನೋರೆ. ಅವ್ವಂಗೆ ಧೈರ್ಯ ಬರ್ಲಿಲ್ಲ. ಅಯ್ನೋರ ಹತ್ರ ಬಾಯಿ ಬುಡ್ಬೇಡ, ಅವ್ರು ಯಾವ ಟಿಕೆಟ್ ಕೊಡ್ತಾರೋ ಆ ಕಡೆ ಹೋಗು, ಅದೇ ದೇವ್ರ ಅಪ್ಪಣೆ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ್ಲು. ನೀವು ಇಲ್ಲೀದು ಕೊಟ್ರಿ. ಬಂದೆ." ಅವಳು ತಂಬಿಗೆಯನ್ನು ನೆಲಕ್ಕಿಟ್ಟು ಅವರ ಮುಖ ನೋಡಿದಳು. "ನೀವ್ ಕೊಟ್ಟ ಟಿಕೆಟ್ಟು ಸರಿಯಾಗೇ ಐತೆ ಅಲ್ವಾ ಅಯ್ನೋರೆ?"

ಬಾಯಿಪಾಠ ಮಾಡಿದ್ದೆಲ್ಲ ನಾಲಗೆಯ ತುದಿಯಲ್ಲೇ ಇತ್ತು. ಅಲ್ಲ ಕಣವ್ವ ಅಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಈ ಕಷ್ಟದಲ್ಲೂ ಹುಡುಗಿ ಆ ಒಂದು ನಂಬಿಕೆಯನ್ನು ಹಿಡಿದುಕೊಂಡು ಬದುಕಿದ್ದಾಳೆ, ಅದನ್ನೂ ಕಿತ್ತುಕೊಂಡರೆ ಹೇಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಬೇಕು, ಹೆಸರಿನ ಆಸೆಯೂ ಇತ್ತು. ಅಯ್ನೋರು ಕೊಟ್ಟ ಟಿಕೆಟ್ಟು ಹುಡುಗಿಯನ್ನು ಬೆಂಕಿಗೆ ನೂಕಿತು ಎಂದು ಸೀಗೆಕಟ್ಟೆಯಲ್ಲಿ ಜನ ಆಡಿಕೊಳ್ಳುವುದು ಕಿವಿಯಲ್ಲಿ ಕೇಳಿಸಿದಂತಾಯಿತು. ಒಳಗಿನಿಂದ ಅತ್ತೆಯ ಬಳೆಯ ಸದ್ದು ಹತ್ತಿರ ಬರುತ್ತಿತ್ತು. ಹದಿನೈದು ದಿನ ಬಿಟ್ಟು ಕಲ್ಲಮ್ಮನನ್ನು ಜೊತೆಗೆ ಕರೆತಂದು, ನಾಲ್ಕು ಜನರ ಮುಂದೆ ಮರ್ಯಾದೆಯಿಂದ ಕರೆದೊಯ್ದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಸರಿಯಾಗೇ ಐತೆ ತಾಯಿ. ಸ್ವಲ್ಪ ತಾಳ್ಕೊಂಡಿರು. ಒಳ್ಳೇದಾಗ್ತದೆ," ಎಂದು ಅವಳ ಹಣೆಗೆ ವಿಭೂತಿ ಇಟ್ಟರು.

ಉಮಾ ಅವರ ಕಾಲಿಗೆ ನಮಸ್ಕಾರ ಮಾಡಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಅವರು ಕಾಫಿ ಕುಡಿದರು. ಚೆನ್ನಾಗಿತ್ತು ಎಂದೂ ಹೇಳಿದರು.

ಊರಿಗೆ ಬಂದ ಸಂಜೆ ಕಲ್ಲಮ್ಮ ಓಡಿಬಂದು, ಹೆಂಗವ್ಳೆ ಅಯ್ನೋರೆ ನನ್ ಮಗಳು, ಎಂದು ಕೇಳಿದಾಗ, ಚೆನ್ನಾಗವ್ಳೆ ಅಂದರು. ಸುಟ್ಟ ಕೈಯ ಮಾತು ಎತ್ತಲಿಲ್ಲ. ಕಮಲಾಕ್ಷಮ್ಮ ಬಂದಿದ್ದ ಮಾತೂ ಎತ್ತಲಿಲ್ಲ. ಕಲ್ಲಮ್ಮ ಅಷ್ಟಕ್ಕೇ ಕೈಮುಗಿದು ಹೋದಳು.

ಅಂದುಕೊಂಡ ಹದಿನೈದು ದಿನ ಬರಲೇ ಇಲ್ಲ. ಹತ್ತನೆಯ ದಿನ ತಿಪಟೂರಿನಿಂದ ಒಬ್ಬ ಆಳು ಬಂದು, ಸ್ಟೌ ಸಿಡಿದು ಉಮಾ ತೀರಿಕೊಂಡಳು ಎಂದು ಹೇಳಿದ. ಕಲ್ಲಮ್ಮನೂ ಊರಿನ ನಾಲ್ಕು ಜನರೂ ಹೋಗುವ ಹೊತ್ತಿಗೆ ಎಲ್ಲ ಸಿದ್ಧ ಮಾಡಿ, ಮೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮುಖ ಮಾತ್ರ ತೋರಿಸಿದರು. ಸ್ಟೌ ಹಚ್ಚುವ ಮನೆಯಲ್ಲವಂತೆ ಅದು, ಸೌದೆ ಒಲೆಯಂತೆ, ಎಂದು ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಂಡರು. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಮಣ್ಣು ಮಾಡುವಾಗ ಮುಂದೆ ನಿಂತು ಮಂತ್ರ ಹೇಳಬೇಕಾದವರು ಜೊತೆಗೆ ಹೋಗಿದ್ದ ಗುರುಸಿದ್ದಯ್ಯನವರೇ. ಅರ್ಧಕ್ಕೆ ಅವರು ಹಿಂದೆ ಸರಿದು ನಿಂತರು. ಉಳಿದದ್ದನ್ನು ತಿಪಟೂರಿನ ಇನ್ನೊಬ್ಬರು ಹೇಳಿ ಮುಗಿಸಿದರು.

ಮತ್ತೆ ಐದು ದಿನಕ್ಕೆ ಕಲ್ಲಮ್ಮ ಹಾಲ್ಟಿಗೆ ಬಂದಳು. ತಲೆಗೆ ಎಣ್ಣೆಯಿಲ್ಲ, ಕಾಲಿಗೆ ಮೆಟ್ಟಿಲ್ಲ. ಬೆಂಚಿನ ಹತ್ತಿರ ನೆಲದ ಮೇಲೆ ಕೂತು ಸೆರಗಿನ ಗಂಟಿನಿಂದ ಒಂದು ನೀಲಿ ಇನ್ಲ್ಯಾಂಡ್ ಕಾಗದ ತೆಗೆದಳು.

"ಈಗ್ತಾನೆ ಪೋಸ್ಟಪ್ಪ ಕೊಟ್ಟ. ಅವ್ಳದೇ ಅಂತೆ. ಯಾರ್ ಕೈಲೋ ಹಾಕಕ್ಕೆ ಕೊಟ್ಟಿದ್ಲೋ ಏನೋ, ತಡವಾಗಿ ಬಂದದೆ ಅಂದ. ನಂಗೆ ಓದಕ್ ಬರಕಿಲ್ಲ. ಓದಿ ಅಯ್ನೋರೆ."

ಗುರುಸಿದ್ದಯ್ಯ ಕಾಗದ ಬಿಡಿಸಿದರು. ಮೊದಲು ಮನಸ್ಸಿನಲ್ಲೇ ಓದಿಕೊಂಡರು. ದುಂಡಗಿನ ಅಕ್ಷರ, ಒಂದು ಪುಟಕ್ಕಿಂತ ಕಡಿಮೆ. ಓದಿ ಮುಗಿಸಿದವರು ತಲೆ ಎತ್ತಲಿಲ್ಲ. ಎದುರಿಗೆ ಕೂತವಳಿಗೆ ಅಕ್ಷರ ಬಾರದು. ನಾಲ್ಕು ಸಾಲು ಹಾರಿಸಿ ಓದಿದರೆ ಈ ಲೋಕದಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಾರಿಸುವುದಕ್ಕೆ ಅವರಿಗೆ ಮನಸ್ಸೂ ಆಯಿತು. ತಿಪಟೂರಿನಲ್ಲಿ ನುಂಗಿದ ಹಾಗೆ ಇನ್ನೊಂದು ಸಲ ನುಂಗಿಬಿಟ್ಟರೆ ಸಾಕಿತ್ತು.

"ಯಾಕೆ ಅಯ್ನೋರೆ? ಏನ್ ಬರ್ದವ್ಳೆ?"

ಗುರುಸಿದ್ದಯ್ಯ ಗಟ್ಟಿಯಾಗಿ ಓದತೊಡಗಿದರು.

"ಅವ್ವನಿಗೆ ಉಮಾ ಮಾಡುವ ನಮಸ್ಕಾರಗಳು. ಇಲ್ಲಿ ನನಗೆ ಇರಲು ಆಗುತ್ತಿಲ್ಲ. ಕೈ ಸುಟ್ಟಿದ್ದಾರೆ. ಹೋದ ಸೋಮವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ತುಮಕೂರಿನ ಬಸ್ಸಿಗೆ ಹೊರಟುಬಿಡೋಣ ಎಂದು ಬಟ್ಟೆ ಗಂಟು ಕಟ್ಟಿ, ಕಾಳು ತುಂಬುವ ಪಣತದ ಹಿಂದೆ ಇಟ್ಟಿದ್ದೆ. ಆಣೆ ಮುರಿದ ಪಾಪ ಬಂದರೂ ಬರಲಿ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಬೆಳಿಗ್ಗೆ ಅಯ್ನೋರೇ ಬಂದರು. ದೇವರೇ ಕಳಿಸಿದ ಅಂದುಕೊಂಡು ಅವರನ್ನೇ ಕೇಳಿದೆ. ಅವರು ನನ್ನ ಕೈ ನೋಡಿದರು. ಟಿಕೆಟ್ಟು ಸರಿಯಾಗಿದೆ, ತಾಳಿಕೊಂಡಿರು ಅಂದರು. ಅವರು ಹೋದ ಮೇಲೆ ಗಂಟು ಬಿಚ್ಚಿ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದೆ. ಇನ್ನು ಬರುವ ಯೋಚನೆ ಮಾಡುವುದಿಲ್ಲ. ನೀನು ಚಿಂತೆ ಮಾಡಬೇಡ."

ಕಲ್ಲಮ್ಮ ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಗುರುಸಿದ್ದಯ್ಯನವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕಾಗದ ಮಡಚಲು ಹೊರಟಾಗ ಕೈ ಅಡ್ಡ ಹಿಡಿದಳು.

"ಗಂಟು ಕಟ್ಟಿದ್ಲು ಅಂತ ಬರ್ದವ್ಳಲ್ಲ, ಅಲ್ಲಿಂದ ಇನ್ನೊಂದ್ ಸಲ ಓದಿ."

ಗುರುಸಿದ್ದಯ್ಯ ಓದಿದರು.

"ಇನ್ನೊಂದ್ ಸಲ," ಅಂದಳು ಕಲ್ಲಮ್ಮ.

ಅವರು ಮತ್ತೆ ಮೊದಲಿನಿಂದ ಓದಿದರು.